ಊಟದಲ್ಲಿ ಬೆರೆಸುವ ಮಾತ್ರೆ ಕೇಳಿ ಬರುವವರ ಪರವಾಗಿ

ಉಡುಪಿ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಮತ್ತು ಈ ಜಿಲ್ಲೆಯ ಜನರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಉಡುಪಿಯಲ್ಲಿ ಮೆಡಿಕಲ್ ಶಾಪ್ ನಡೆಸುವವಳು. ಈ ಪತ್ರದಲ್ಲಿ ನಾನು ಕೇಳುವುದು ಒಂದೇ ಸಂಗತಿ. ಬಿಪಿ ಮಾತ್ರೆ, ಶುಗರ್ ಮಾತ್ರೆ ಹೇಗೆ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳು ತಿಂಗಳು ಸಿಗುತ್ತದೋ, ಹಾಗೆಯೇ ಕುಡಿತ ಬಿಡಲು ಬೇಕಾದ ಚಿಕಿತ್ಸೆಯೂ ಸಿಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗಬೇಕು, ಸಾಧ್ಯವಾದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ಯಾಕೆ ಕೇಳುತ್ತಿದ್ದೇನೆ ಅಂತ ಹೇಳಲು ಸ್ವಲ್ಪ ಜಾಸ್ತಿ ಜಾಗ ಬೇಕಾಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನನ್ನ ಅಂಗಡಿಗೆ ಬರುವ ಹೆಂಗಸರಲ್ಲಿ ಕೆಲವರು ಬಂದ ಕೂಡಲೇ ಮಾತಾಡುವುದಿಲ್ಲ. ಬದಿಗೆ ಸರಿದು ನಿಲ್ಲುತ್ತಾರೆ. ಬೇರೆ ಗಿರಾಕಿಗಳೆಲ್ಲ ಹೋಗಲಿ ಅಂತ ಕಾಯುತ್ತಾರೆ. ಕೈಯಲ್ಲಿ ಮೊಬೈಲ್, ಅದರಲ್ಲಿ ಯಾರೋ ಕಳಿಸಿದ ಜಾಹೀರಾತಿನ ಫೋಟೋ. ಆಮೇಲೆ ಕೌಂಟರಿಗೆ ತಾಗಿ ನಿಂತು ಸಣ್ಣ ಸ್ವರದಲ್ಲಿ ಕೇಳುತ್ತಾರೆ: "ಅಕ್ಕ, ಗಂಡನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಹಾಕಿ ಕೊಡ್ಲಿಕ್ಕೆ ಒಂದು ಮಾತ್ರೆ ಉಂಟಂತೆ ಅಲ್ವಾ?" ಕೆಲವರು ಮಗನಿಗೆ ಕೇಳುತ್ತಾರೆ. ಒಮ್ಮೊಮ್ಮೆ ವಯಸ್ಸಾದ ಅಪ್ಪನಿಗೆ ಕೇಳುವ ಹುಡುಗಿಯರೂ ಬರುತ್ತಾರೆ.

ಅವರು ಕೇಳುವ ಮಾತ್ರೆ ನಿಜವಾಗಿಯೂ ಇದೆ. ಹೆಸರು ಡಿಸಲ್ಫಿರಾಮ್. ಡೆನ್ಮಾರ್ಕಿನ ಇಬ್ಬರು ಸಂಶೋಧಕರು ಹೊಟ್ಟೆಹುಳಕ್ಕೆ ಔಷಧಿಯಾಗುತ್ತದಾ ಅಂತ ಪರೀಕ್ಷೆ ಮಾಡುತ್ತಿದ್ದಾಗ ಇದನ್ನು ತಾವೇ ನುಂಗಿದ್ದರು. ಆಮೇಲೆ ಸ್ವಲ್ಪ ಮದ್ಯ ಕುಡಿದಾಗ ಮೈ ಕೆಟ್ಟುಹೋಯಿತು. 1948ರಲ್ಲಿ ಅವರು ಇದನ್ನು ಕುಡಿತದ ಚಿಕಿತ್ಸೆಗೆ ಬಳಸಬಹುದು ಅಂತ ಪ್ರಕಟಿಸಿದರು. ನಾವು ಕುಡಿದ ಮದ್ಯ ಲಿವರ್‌ನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಲಿವರ್ ಕೂಡಲೇ ಅದನ್ನು ಇನ್ನೊಂದು ನಿರಪಾಯದ ವಸ್ತುವಾಗಿ ಮಾಡುತ್ತದೆ. ಡಿಸಲ್ಫಿರಾಮ್ ಆ ಎರಡನೇ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ವಿಷ ಮೈಯಲ್ಲೇ ಉಳಿಯುತ್ತದೆ. ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು, ಒಮ್ಮೆಗೇ ಜಾಸ್ತಿ ಕುಡಿದವರು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ.

ಹಾಗಾಗಿ ಇದನ್ನು ಕೊಡುವ ಮೊದಲು ಡಾಕ್ಟರ್ ಲಿವರ್, ಹೃದಯ ಎರಡನ್ನೂ ಪರೀಕ್ಷೆ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನುಂಗುವವನಿಗೆ ತಾನು ಏನು ನುಂಗುತ್ತಿದ್ದೇನೆ ಅಂತ ಗೊತ್ತಿರಬೇಕು. ಗೊತ್ತಿದ್ದರೆ ಇದು ಒಳ್ಳೆಯ ಔಷಧಿ. "ಇವತ್ತು ಮಾತ್ರೆ ತಗೊಂಡಿದ್ದೇನೆ, ಇವತ್ತು ಕುಡಿಯುವ ಹಾಗಿಲ್ಲ" ಅಂತ ಅವನೇ ತೀರ್ಮಾನ ಮಾಡಿ, ಹೆಂಡತಿಯ ಎದುರು ಬೆಳಿಗ್ಗೆ ನುಂಗಿದರೆ ಕೆಲಸ ಮಾಡುತ್ತದೆ. ಗೊತ್ತಿಲ್ಲದೆ ಸಾರಿನಲ್ಲಿ ಕರಗಿಸಿ ಕೊಟ್ಟರೆ ಸಂಜೆ ಅವನು ಎಂದಿನ ಹಾಗೆ ಒಂದು ಕ್ವಾರ್ಟರ್ ಹಾಕುತ್ತಾನೆ. ಆಮೇಲೆ ಆಗುವುದು ಯಾರ ಕೈಯಲ್ಲೂ ಇಲ್ಲ. ಫೋನಿನಲ್ಲಿ ಆರ್ಡರ್ ಮಾಡಿ ತರಿಸುವ ಪುಡಿಗಳ ಬಗ್ಗೆ ನನಗೆ ಇನ್ನೂ ಹೆದರಿಕೆ. ಅದರಲ್ಲಿ ಏನಿದೆ ಅಂತ ಡಬ್ಬದ ಮೇಲೂ ಸರಿಯಾಗಿ ಬರೆದಿರುವುದಿಲ್ಲ.

ಇದನ್ನೆಲ್ಲ ಹೇಳಿ "ಚೀಟಿ ಇಲ್ಲದೆ ಕೊಡುವುದಿಲ್ಲ" ಅಂದರೆ ಅವರು ವಾದ ಮಾಡುವುದಿಲ್ಲ. "ಮತ್ತೆ ಎಂತ ಮಾಡುವುದು ಅಕ್ಕ, ನೀವೇ ಹೇಳಿ" ಅಂತ ಕೇಳುತ್ತಾರೆ. ಆ ಪ್ರಶ್ನೆಯನ್ನೇ ನಾನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ರೋಗದ ವಿಷಯ ಹೇಳುತ್ತೇನೆ. ನಮ್ಮ ಊರಲ್ಲಿ ಕುಡುಕನ ಬಗ್ಗೆ ಎಲ್ಲರೂ ಹೇಳುವ ಮಾತು ಒಂದೇ: ಮನಸ್ಸು ಗಟ್ಟಿ ಇದ್ದರೆ ಬಿಡಬಹುದಿತ್ತು. ಬೆಳಿಗ್ಗೆ ದೇವರ ಫೋಟೋ ಮುಟ್ಟಿ ಆಣೆ ಹಾಕಿದವನು ಸಂಜೆ ಕುಡಿದು ಬಂದರೆ ಮನೆಯವರು ಸುಳ್ಳ ಅಂತಾರೆ. ಬೆಳಗಿನ ಆಣೆ ಸುಳ್ಳಾಗಿರಲಿಲ್ಲ. ಆಣೆ ಹಾಕುವಾಗ ಅವನಿಗೆ ನಿಜವಾಗಿಯೂ ಬಿಡಬೇಕು ಅಂತಲೇ ಇತ್ತು. ಆದರೆ ವರ್ಷಗಟ್ಟಲೆ ಕುಡಿದ ಮೆದುಳು ಬದಲಾಗಿರುತ್ತದೆ. ಏನಾದರೂ ಸುಖ ಸಿಕ್ಕಾಗ ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. "ಇದನ್ನು ನೆನಪಿಡು, ಮತ್ತೆ ಮಾಡು" ಅಂತ ಕಲಿಸುವುದು ಅದರ ಕೆಲಸ. ಮದ್ಯ, ಗಾಂಜಾ, ಎಂಡಿಎಂಎ ಎಂಬ ಡ್ರಗ್ ಎಲ್ಲವೂ ಇದನ್ನು ಜಾಸ್ತಿ ಮಾಡುತ್ತವೆ. ಸಂಜೆಯಾಗುವುದು, ಸಂಬಳ ಕೈಗೆ ಬರುವುದು, ಬಾರಿನ ಬೋರ್ಡ್ ಕಾಣುವುದು, ಹಳೆ ಗೆಳೆಯ ಸಿಗುವುದು, ಇಂಥವೆಲ್ಲ ಕುಡಿತದ ಜೊತೆಗೆ ಮೆದುಳಿನಲ್ಲಿ ಗಂಟು ಬೀಳುತ್ತವೆ. ಬೇಡ ಅಂತ ತಡೆಯುವ ಮೆದುಳಿನ ಮುಂಭಾಗದ ಹಿಡಿತವೂ ಕುಡಿತದಿಂದ ಸಡಿಲವಾಗುತ್ತದೆ. ಕೊನೆಗೆ ಕುಡಿಯುವುದು ಖುಷಿಗಾಗಿ ಅಲ್ಲ. ಕೈ ನಡುಗದೆ ಇರಲಿ, ಒಂದು ಹೊತ್ತು ನಿದ್ದೆ ಬರಲಿ ಅಂತ.

ಎಲ್ಲರೂ ಕುಡಿಯುತ್ತಾರೆ, ಕೆಲವರು ಮಾತ್ರ ಯಾಕೆ ಹೀಗಾಗುತ್ತಾರೆ? ಇದಕ್ಕೆ ಒಂದೇ ಕಾರಣ ಇಲ್ಲ. ಅವಳಿ ಮಕ್ಕಳನ್ನು, ದತ್ತು ಹೋದ ಮಕ್ಕಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನಗಳ ಪ್ರಕಾರ ಅಪಾಯದ ಸುಮಾರು ಅರ್ಧ ಪಾಲು ವಂಶದಿಂದಲೇ ಬರುತ್ತದೆ. ಶುರು ಮಾಡಿದ ವಯಸ್ಸೂ ಮುಖ್ಯ. 15 ವರ್ಷಕ್ಕೆ ಮೊದಲೇ ಕುಡಿಯಲು ಶುರು ಮಾಡಿದವರಿಗೆ, 20 ದಾಟಿದ ಮೇಲೆ ಶುರು ಮಾಡಿದವರಿಗಿಂತ ಚಟ ಅಂಟುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಜಾಸ್ತಿ ಅಂತ ಅಮೆರಿಕದ ದೊಡ್ಡ ಸಮೀಕ್ಷೆಯೊಂದು ಹೇಳಿದೆ. ಚಿಕ್ಕಂದಿನ ಪೆಟ್ಟು, ಅವಮಾನ, ಖಿನ್ನತೆ, ನಿದ್ದೆ ಇಲ್ಲದಿರುವುದು, ಮೈ ನೋವು, ಒಂಟಿತನ ಎಲ್ಲವೂ ಸೇರುತ್ತವೆ. ಎಷ್ಟು ಸುಲಭಕ್ಕೆ ಸಿಗುತ್ತದೆ, ಎಷ್ಟು ಕಡಿಮೆ ದುಡ್ಡಿಗೆ ಸಿಗುತ್ತದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಬದುಕುವ ವಾತಾವರಣ ಎಷ್ಟು ದೊಡ್ಡದು ಅಂತ ತೋರಿಸುವ ಒಂದು ಉದಾಹರಣೆ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೈನಿಕರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅಲ್ಲಿ ಹೆರಾಯಿನ್, ಅಫೀಮಿನಂಥ ವಸ್ತುಗಳ ಚಟ ಅಂಟಿತ್ತು. ಅವರು ಊರಿಗೆ ಬಂದರೆ ಗತಿಯೇನು ಅಂತ ಸರ್ಕಾರ ಹೆದರಿತ್ತು. ಲೀ ರಾಬಿನ್ಸ್ ಎಂಬ ಸಂಶೋಧಕಿ 1970ರ ದಶಕದಲ್ಲಿ ಅವರನ್ನು ಹುಡುಕಿ ಮಾತಾಡಿಸಿದರು. ಚಟ ಇದ್ದವರಲ್ಲಿ ವಾಪಸ್ ಬಂದ ಮೊದಲ ವರ್ಷ ಮತ್ತೆ ಅದಕ್ಕೇ ಬಿದ್ದವರು ನೂರಕ್ಕೆ ಐದು ಜನ ಮಾತ್ರ. ಯುದ್ಧದ ಭಯ, ಬೇಸರ, ಕೈಗೆ ಸುಲಭಕ್ಕೆ ಸಿಗುವ ಪುಡಿ, ಈ ಮೂರೂ ಊರಲ್ಲಿ ಇರಲಿಲ್ಲ.

ಈಗ ನಮ್ಮ ಮಲ್ಪೆಯ ಮೀನುಗಾರಿಕಾ ಬಂದರನ್ನು ನೋಡಿ. ಆ ಸೈನಿಕರ ಹಾಗೆ ಎಲ್ಲ ಬಿಟ್ಟು ಹೋಗಲು ಅಲ್ಲಿಯ ಬೋಟಿನವರಿಗೆ ಬೇರೆ ಊರಿಲ್ಲ. ಆಳಸಮುದ್ರಕ್ಕೆ ಹೋದ ಬೋಟು ಎಂಟು ಹತ್ತು ದಿನ ವಾಪಸ್ ಬರುವುದಿಲ್ಲ. ನಿದ್ದೆಗೆ ಹೊತ್ತುಗೊತ್ತಿಲ್ಲ. ಬಲೆ ಎಳೆದು ಎಳೆದು ಸೊಂಟ, ಭುಜ ಹೋಗಿರುತ್ತದೆ. ಇಳಿದ ದಿನ ಕೈಯಲ್ಲಿ ದುಡ್ಡು, ಮೈಯಲ್ಲಿ ನೋವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆ 61 ದಿನ ಮಳೆ, ಕೈಯಲ್ಲಿ ಕೆಲಸ ಇಲ್ಲ. ಊಟದಲ್ಲಿ ಬೆರೆಸುವ ಮಾತ್ರೆ ಕೇಳಿಕೊಂಡು ಬರುವವರು ನನ್ನ ಅಂಗಡಿಯಲ್ಲಿ ಜಾಸ್ತಿ ಕಾಣುವುದು ಆ ತಿಂಗಳುಗಳಲ್ಲೇ. ಇದು ಬೋಟಿನವರ ರೋಗ ಅಂತ ಯಾರೂ ತಿಳಿಯಬಾರದು. ಬ್ಯಾಂಕಿನವರ ಮನೆಯಿಂದಲೂ, ಮೇಷ್ಟ್ರ ಮನೆಯಿಂದಲೂ ಬರುತ್ತಾರೆ. ಕುಡಿಯುವ ಹೆಂಗಸರೂ ಇದ್ದಾರೆ. ಅವರ ಬಗ್ಗೆ ಕೇಳಲು ಮನೆಯವರಿಗೇ ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ ಜನರಿಗೆ ಗೊತ್ತಾಗಲೇಬೇಕು. ಅದಕ್ಕಾಗಿ ಈ ಪತ್ರವನ್ನು ಜನರಿಗೂ ಬರೆಯುತ್ತಿದ್ದೇನೆ. ದಿನಾ ಜಾಸ್ತಿ ಕುಡಿಯುವವನನ್ನು ಮನೆಯಲ್ಲಿ ಕೂಡಿ ಹಾಕಿ ಒಮ್ಮೆಗೇ ಬಿಡಿಸಬೇಡಿ. ಕೊನೆಯ ಪೆಗ್ ಆದ ಆರು ಗಂಟೆಯಿಂದಲೇ ಕೈ ನಡುಗಲು, ಬೆವರಲು ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿಯೇ ಅತ್ತಿತ್ತ ಆಗುತ್ತದೆ. ಜ್ವರ ಬರುತ್ತದೆ. ಇಲ್ಲದ ಹುಳ, ಇಲ್ಲದ ಜನ ಕಾಣುತ್ತಾರೆ. ಇದಕ್ಕೆ ಡಾಕ್ಟರ್‌ಗಳು ಡೆಲಿರಿಯಂ ಟ್ರೆಮೆನ್ಸ್ ಅಂತಾರೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗಬಹುದು. ಕಾಲು ಮುರಿದು ಆಸ್ಪತ್ರೆಗೆ ಸೇರಿದವನು ಮೂರನೇ ದಿನ ಹೊದಿಕೆಯ ಮೇಲೆ ಏನನ್ನೋ ಹೆಕ್ಕುತ್ತಾ, "ಬಲೆ ಎಳೀರಿ, ಎಳೀರಿ" ಅಂತ ಕೂಗಿದ್ದನ್ನು ಅವನ ತಾಯಿ ನನಗೆ ಹೇಳಿದ್ದಾರೆ. ಮನೆಯವರು ದೈವದ ಉಪದ್ರ ಅಂತ ದರ್ಶನದಲ್ಲಿ ಕೇಳಲು ಹೊರಟಿದ್ದರು. ವಾರ್ಡಿನ ನರ್ಸ್ "ಇವರು ದಿನಾ ಕುಡಿಯುತ್ತಿದ್ದರಾ?" ಅಂತ ಕೇಳಿದ್ದರಿಂದ ಅವನು ಉಳಿದ. ನಂಬಿಕೆ ಇರಲಿ, ಗಂಧಪ್ರಸಾದವೂ ಇರಲಿ. ಆದರೆ ಅಂಥ ಹೊತ್ತಿನಲ್ಲಿ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಾವ ಕಾಯಿಲೆಗೆ ಸೇರಿಸಿದರೂ, ಕುಡಿಯುವ ವಿಷಯವನ್ನು ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ.

2020ರ ಲಾಕ್‌ಡೌನ್ ನೆನಪಿದೆಯಲ್ಲ? ಮಾರ್ಚ್ ಕೊನೆಯಿಂದ ಮೇ 4ರವರೆಗೆ ಕರ್ನಾಟಕದಲ್ಲಿ ಮದ್ಯದಂಗಡಿ ಬಂದ್ ಆಗಿತ್ತು. ಕುಡಿಯಲು ಸಿಗದೆ ಜೀವ ಕಳೆದುಕೊಂಡವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಿತ್ತು. ಕೇರಳ ಸರ್ಕಾರ ಡಾಕ್ಟರ್ ಚೀಟಿಯ ಮೇಲೆ ಮದ್ಯ ಕೊಡಲು ಹೊರಟಿತು. ಡಾಕ್ಟರ್‌ಗಳು ವಿರೋಧ ಮಾಡಿದರು, ಹೈಕೋರ್ಟ್ ತಡೆ ಕೊಟ್ಟಿತು. ಡಾಕ್ಟರ್‌ಗಳು ಹೇಳಿದ್ದು ಸರಿಯೇ. ನಡುಕಕ್ಕೆ, ಫಿಟ್ಸ್‌ಗೆ ಔಷಧಿ ಬೇರೆಯೇ ಇದೆ. ಕ್ಲೋರ್‌ಡಯಾಜೆಪಾಕ್ಸೈಡ್, ಲೊರಾಜೆಪಾಮ್‌ನಂಥ ಮಾತ್ರೆಗಳನ್ನು ಲೆಕ್ಕ ಹಾಕಿ ಕೊಟ್ಟು, ದಿನದಿನಕ್ಕೆ ಕಡಿಮೆ ಮಾಡುತ್ತಾ ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಜೊತೆಗೆ ವಿಟಮಿನ್ ಬಿ1 ಇಂಜೆಕ್ಷನ್. ಜಾಸ್ತಿ ಕುಡಿಯುವವರಲ್ಲಿ ಈ ವಿಟಮಿನ್ ಖಾಲಿಯಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಿ ನೆನಪೇ ಹೋಗಬಹುದು. "ಸುಸ್ತಾಗಿದೆ, ಒಂದು ಡ್ರಿಪ್ಸ್ ಹಾಕಿ ಬಿಡಿ" ಅಂತ ಕ್ಲಿನಿಕ್ಕಿನಲ್ಲಿ ಕೇಳುವವರು ಇದನ್ನು ತಿಳಿದಿರಲಿ.

ಆದರೆ ಆ ಒಂದು ವಾರ ಚಿಕಿತ್ಸೆಯ ಬಾಗಿಲು ಅಷ್ಟೇ. ಮೈಯಿಂದ ಮದ್ಯ ಹೋಯಿತು, ಮೆದುಳಿನಿಂದ ಆಸೆ ಹೋಗಲಿಲ್ಲ. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಆಸರೆ ಬೇಕು. ಅದಕ್ಕೂ ಔಷಧಿ ಇದೆ. ನಾಲ್ಟ್ರೆಕ್ಸೋನ್ ದಿನಕ್ಕೊಂದು ಮಾತ್ರೆ. ಕುಡಿದರೂ ಮೊದಲಿನ ಮಜಾ ಸಿಗದ ಹಾಗೆ ಮಾಡುತ್ತದೆ, ಒಂದು ಪೆಗ್ ನಾಲ್ಕಾಗುವುದನ್ನು ತಡೆಯುತ್ತದೆ. ಅಕ್ಯಾಂಪ್ರೊಸೇಟ್ ಕುಡಿತ ಬಿಟ್ಟ ಮೇಲಿನ ಚಡಪಡಿಕೆಯನ್ನು ಕಡಿಮೆ ಮಾಡುತ್ತದೆ. ಲಿವರ್ ಕೆಟ್ಟವರಿಗೆ ಇದು ಅನುಕೂಲ, ಕಿಡ್ನಿ ಮಾತ್ರ ನೋಡಿಕೊಳ್ಳಬೇಕು. ಇವು ಯಾವುದೋ ಹೊಸ ಪ್ರಯೋಗ ಅಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಎರಡನ್ನೂ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಮಾತ್ರೆಯ ಜೊತೆಗೆ ಮಾತುಕತೆ ಬೇಕು. ಯಾವ ಹೊತ್ತಿಗೆ ಆಸೆ ಬರುತ್ತದೆ, ಬಂದರೆ ಯಾರಿಗೆ ಫೋನ್ ಮಾಡಬೇಕು, ಮದುವೆ ಮನೆಯಲ್ಲಿ ಗ್ಲಾಸ್ ಕೊಟ್ಟರೆ ಏನು ಹೇಳಬೇಕು ಅಂತ ಕಲಿಯಬೇಕು. ಮನೆಯವರಿಗೂ ಯಾರಾದರೂ ದಾರಿ ತೋರಿಸಬೇಕು. ಅವರೂ ವರ್ಷಗಟ್ಟಲೆ ಹೆದರಿಕೆಯಲ್ಲೇ ಬದುಕಿದವರು.

ಮತ್ತೆ ಕುಡಿದರೆ? ಕುಡಿಯುತ್ತಾರೆ, ಬಹಳ ಜನ ಕುಡಿಯುತ್ತಾರೆ. ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ನಲವತ್ತರಿಂದ ಅರವತ್ತು ಜನ ಒಂದು ವರ್ಷದೊಳಗೆ ಒಮ್ಮೆಯಾದರೂ ಜಾರುತ್ತಾರೆ. ಬಿಪಿ, ಅಸ್ತಮಾ ಇರುವವರಲ್ಲೂ ಮಾತ್ರೆ ಬಿಟ್ಟು ಕಾಯಿಲೆ ಮತ್ತೆ ಏರಿಸಿಕೊಳ್ಳುವವರ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಬಿಪಿ ಮತ್ತೆ ಏರಿತು ಅಂತ ಬಂದವರನ್ನು ಯಾವ ಡಾಕ್ಟರೂ "ನಿನಗೆ ಮಾನ ಇಲ್ಲವಾ?" ಅಂತ ಕೇಳುವುದಿಲ್ಲ. ಮಾತ್ರೆ ಬದಲಾಯಿಸುತ್ತಾರೆ, ಮತ್ತೆ ಬರಲು ಹೇಳುತ್ತಾರೆ. ಕುಡಿತ ಬಿಟ್ಟು ಮತ್ತೆ ಹಿಡಿದವನಿಗೂ ಅಷ್ಟೇ ಮರ್ಯಾದೆ ಸಿಗಬೇಕು ಅಂತ ಕೇಳುವುದು ಅತಿಯಾಯಿತಾ?

ನಮ್ಮ ಕರಾವಳಿಯಲ್ಲಿ ಒಳ್ಳೆಯ ಕೆಲಸ ನಡೆದಿಲ್ಲ ಅಂತ ನಾನು ಹೇಳುವುದಿಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಗಳಲ್ಲಿ ನಡೆದಿವೆ. ದೇವಸ್ಥಾನದ ಸಭಾಭವನದಲ್ಲೋ ಶಾಲೆಯಲ್ಲೋ ವಾರ ಪೂರ್ತಿ ಇಟ್ಟುಕೊಂಡು, ಊರವರೇ ಅಡುಗೆ ಮಾಡಿ ಬಡಿಸುತ್ತಾರೆ. ಕೊನೆಯ ದಿನ ಹೆಂಡತಿ ಮಕ್ಕಳು ಬರುತ್ತಾರೆ. ಊರೇ ಹಿಂದೆ ನಿಂತದ್ದನ್ನು ನೋಡಿ ಬಿಟ್ಟವರು ಎಷ್ಟೋ ಜನ. ಬಿಟ್ಟವರನ್ನು ಮತ್ತೆ ಮತ್ತೆ ಸೇರಿಸಲು ನವಜೀವನ ಸಮಿತಿಗಳೂ ಇವೆ. ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಗುಂಪಿನ ಸಭೆಗಳೂ ಇವೆ. 1935ರಲ್ಲಿ ಅಮೆರಿಕದಲ್ಲಿ ಕುಡಿತ ಬಿಟ್ಟ ಇಬ್ಬರು ಸೇರಿ ಶುರು ಮಾಡಿದ ಆ ಗುಂಪಿಗೆ ಫೀಸಿಲ್ಲ, ಹೆಸರು ಹೇಳಬೇಕಾಗಿಯೂ ಇಲ್ಲ. ಇವೆಲ್ಲ ಇರಬೇಕು, ಬೆಳೆಯಬೇಕು. ಆದರೆ ಶಿಬಿರದಲ್ಲಿ ಊರವರ ಎದುರು ಹಾರ ಹಾಕಿಸಿಕೊಂಡವನು ಮೂರು ತಿಂಗಳಿಗೆ ಜಾರಿದರೆ ಅದೇ ಊರವರ ಮುಖ ನೋಡಲು ಅವನಿಗೆ ಆಗುವುದಿಲ್ಲ. ಅವನು ಮತ್ತೆ ಶಿಬಿರಕ್ಕೆ ಹೋಗುವುದಿಲ್ಲ. ಅವನಿಗೆ ಬೇಕಾದದ್ದು ಸದ್ದಿಲ್ಲದ ಒಂದು ಜಾಗ, ಒಬ್ಬ ಡಾಕ್ಟರ್, ಒಂದು ತಿಂಗಳ ಮಾತ್ರೆ.

ಆ ಜಾಗ ಎಷ್ಟು ಜನರಿಗೆ ಸಿಕ್ಕಿದೆ? ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆ 2019ರಲ್ಲಿ ಹೊರಬಂತು. ಮದ್ಯದ ಚಟ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ ಅಂತ ಅದು ಹೇಳುತ್ತದೆ. ಉಳಿದ 37 ಜನರ ಮನೆಯವರು ಬೇರೆ ದಾರಿ ಹುಡುಕುತ್ತಾರೆ. ಕೆಲವರು ನನ್ನ ಕೌಂಟರಿನ ಬದಿಯಲ್ಲಿ ನಿಲ್ಲುತ್ತಾರೆ. ಕೆಲವರು ಸಾಲ ಮಾಡಿ ಖಾಸಗಿ ಕೇಂದ್ರಕ್ಕೆ ಸೇರಿಸುತ್ತಾರೆ. ಒಳ್ಳೆಯ ಕೇಂದ್ರಗಳು ಖಂಡಿತ ಇವೆ. ಆದರೆ ನನಗೆ ಗೊತ್ತಿರುವ ಒಬ್ಬ ಹುಡುಗ ಬೇರೆ ಜಿಲ್ಲೆಯ ಒಂದು ಕೇಂದ್ರದಿಂದ ವಾಪಸ್ ಬಂದಾಗ ತಲೆ ಬೋಳಿಸಿದ್ದರು. ಮೊಣಕೈ ಹತ್ತಿರ ಹಗ್ಗದ ಗುರುತು ಇತ್ತು. ಮೂರು ತಿಂಗಳು ಮನೆಯವರಿಗೆ ಫೋನಿನಲ್ಲೂ ಮಾತಾಡಿಸಿರಲಿಲ್ಲ. ಅಲ್ಲಿ ಒಬ್ಬ ಡಾಕ್ಟರನ್ನೂ ಅವನು ನೋಡಲಿಲ್ಲವಂತೆ. ಬಂದ ವಾರದಲ್ಲೇ ಅವನು ಮತ್ತೆ ಕುಡಿದ.

ಇದನ್ನು ತಡೆಯಲು ಕಾನೂನು ಇದೆ ಸ್ವಾಮಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಡ್ರಗ್ಸ್ ಚಟದಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆ ಅಂತ ಒಪ್ಪಿಕೊಂಡಿದೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಣಿ ಮಾಡಿಸಬೇಕು. ಸರಪಳಿ ಹಾಕುವ ಹಾಗಿಲ್ಲ. ಬಲವಂತವಾಗಿ ತಲೆ ಬೋಳಿಸುವ ಹಾಗಿಲ್ಲ. ರೋಗಿಯ ವಿಷಯ ಹೊರಗೆ ಹೇಳುವ ಹಾಗಿಲ್ಲ. ಜಿಲ್ಲೆಯಲ್ಲಿ ನೋಂದಣಿಯಾದ ಕೇಂದ್ರಗಳ ಪಟ್ಟಿಯನ್ನು ಪಂಚಾಯತ್ ಕಚೇರಿಯ ಬೋರ್ಡಿನಲ್ಲಿ ಹಾಕಿಸಿ. ಮನೆಯವರು ಸೇರಿಸುವ ಮೊದಲು ನೋಡಿಕೊಳ್ಳಲಿ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಇದು ಜಿಲ್ಲಾಡಳಿತದ ಕೈಯಲ್ಲಿ ಇಲ್ಲ ಅಂತ ಗೊತ್ತು, ಆದರೂ ಮೇಲಿನವರಿಗೆ ತಲುಪಿಸಿ. ಮಾನಸಿಕ ಕಾಯಿಲೆಗೆ ಬೇರೆ ಕಾಯಿಲೆಯ ಹಾಗೆಯೇ ವಿಮೆ ಕೊಡಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಆದರೆ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಮದ್ಯ, ಡ್ರಗ್ಸ್ ಚಟದ ಚಿಕಿತ್ಸೆಯನ್ನು ಹೊರಗಿಡಲು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಲ್ಲೇ ಅವಕಾಶ ಇದೆ. ಕಾಯಿಲೆ ಅಂತ ಒಂದು ಕಡೆ ಒಪ್ಪಿ, ಇನ್ನೊಂದು ಕಡೆ ದುಡ್ಡು ಕೊಡುವುದಿಲ್ಲ ಅನ್ನುವುದು ಅನ್ಯಾಯ. ಕರ್ನಾಟಕ ಸರ್ಕಾರ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿತ್ತು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದಾಗ ಕುಡಿತವೇ ಕಡಿಮೆಯಾಗುತ್ತದೆ ಅಂತ ನಂಬಿದ್ದೆವು. ಸಾರಾಯಿ ಪ್ಯಾಕೆಟ್ ಹೋಯಿತು, ಟೆಟ್ರಾ ಪ್ಯಾಕ್ ವಿಸ್ಕಿ ಬಂತು. ಆ 40,000 ಕೋಟಿಯಲ್ಲಿ ಬಹಳ ಸಣ್ಣ ಪಾಲು ಸಾಕು, ರಾಜ್ಯದ ಎಲ್ಲ ತಾಲ್ಲೂಕು ಆಸ್ಪತ್ರೆಗೂ ನಾನು ಕೇಳುವ ಮಾತ್ರೆಗಳನ್ನು ಕೊಡಬಹುದು.

ಕಾಲೇಜು ಹುಡುಗರ ಡ್ರಗ್ಸ್ ವಿಷಯ ಬೇರೆಯೇ ಒಂದು ಪತ್ರ ಕೇಳುತ್ತದೆ. ಇಲ್ಲಿ ಒಂದೇ ಸಂಗತಿ ಹೇಳುತ್ತೇನೆ, ಯಾಕಂದರೆ ತಂದೆತಾಯಿಗೆ ಇದು ಗೊತ್ತಿಲ್ಲ. ಮಗ ಗಾಂಜಾ ಸೇದುತ್ತಾನೆ ಅಂತ ಗೊತ್ತಾದರೂ, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಸುಮ್ಮನಿರುತ್ತಾರೆ. ಹಾಗಲ್ಲ. ಮಾದಕ ವಸ್ತುಗಳ ಬಗ್ಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಇರುವ ವ್ಯಸನಿಯೂ ತಾನಾಗಿ ಬಂದು, ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ ಆ ಕೇಸಿನಿಂದ ರಕ್ಷಣೆ ಸಿಗುತ್ತದೆ. ಮಣಿಪಾಲ, ಉಡುಪಿಯ ಕಾಲೇಜುಗಳಲ್ಲಿ ಜಾಗೃತಿ ಭಾಷಣ ಮಾಡುವ ಪೊಲೀಸ್ ಅಧಿಕಾರಿಗಳು ಶಿಕ್ಷೆಯ ಜೊತೆಗೆ ಇದನ್ನೂ ಹೇಳಿದರೆ ಎಷ್ಟೋ ಮಕ್ಕಳು ಬಾಯಿ ಬಿಡುತ್ತಾರೆ.

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಹೊಸ ಕಟ್ಟಡ ಬೇಡ, ಶಿಲಾನ್ಯಾಸ ಬೇಡ. ಇರುವುದನ್ನೇ ಸರಿಯಾಗಿ ಬಳಸಿದರೆ ಸಾಕು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ. ಮಂಗಳವಾರ ಮನೋರೋಗ ತಜ್ಞರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡು ಅದು. ಕುಡಿತಕ್ಕೂ ಅಲ್ಲಿ ತೋರಿಸಬಹುದು ಅಂತ ಊರಲ್ಲಿ ಎಷ್ಟು ಜನರಿಗೆ ಗೊತ್ತು? ನಾನು ಹೇಳಿದ ಹೆಂಗಸರಲ್ಲಿ ಹೆಚ್ಚಿನವರು "ಹೌದಾ ಅಕ್ಕ?" ಅಂತಲೇ ಕೇಳಿದ್ದಾರೆ. ಗೊತ್ತಿದ್ದವರಿಗೂ ಹಗಲು ಕೂಲಿ ಬಿಟ್ಟು ಹೋಗುವುದು ಕಷ್ಟ. ಕುಂದಾಪುರ, ಕಾರ್ಕಳ, ಬೈಂದೂರಿನ ಕಡೆ ತಿಂಗಳಲ್ಲಿ ಎರಡು ದಿನವಾದರೂ ಸಂಜೆ ಹೊತ್ತು ಈ ಚಿಕಿತ್ಸೆ ಇಡಿ. ಮಲ್ಪೆಯಲ್ಲಿ ಜೂನ್, ಜುಲೈ ತಿಂಗಳು ಪೂರ್ತಿ ಇಡಿ. ಮೀನುಗಾರರು ಊರಲ್ಲಿರುವುದು ಆಗಲೇ. ಆಗಸ್ಟಿನಲ್ಲಿ ಬೋಟು ಸಮುದ್ರಕ್ಕೆ ಇಳಿಯುವ ಮೊದಲು ಅವರಿಗೆ ಮೊದಲ ಎರಡು ತಿಂಗಳ ಚಿಕಿತ್ಸೆ ಆಗಿರುತ್ತದೆ. ದಿನಾ ಕುಡಿಯುವವನು ಒಮ್ಮೆಗೇ ಬಿಟ್ಟು ಬೋಟು ಹತ್ತಿ, ನಡು ಸಮುದ್ರದಲ್ಲಿ ಫಿಟ್ಸ್ ಬಂದರೆ ಅಲ್ಲಿ ಹಿಡಿಯುವವರು ಯಾರು?

ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು 30 ದಾಟಿದವರ ಬಿಪಿ, ಶುಗರ್ ಅಪಾಯದ ಫಾರ್ಮ್ ತುಂಬುತ್ತಾರೆ. ದಿನಾ ಮದ್ಯ ಕುಡಿಯುತ್ತೀರಾ ಎಂಬ ಪ್ರಶ್ನೆ ಅದರಲ್ಲಿ ಈಗಾಗಲೇ ಇದೆ. "ಹೌದು" ಅಂತ ಟಿಕ್ ಹಾಕಿದ ಮೇಲೆ ಆ ಕಾಗದ ಎಲ್ಲಿಗೆ ಹೋಗುತ್ತದೆ? ಹೌದು ಅಂದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಹತ್ತು ಪ್ರಶ್ನೆಗಳ ಆಡಿಟ್ ಎಂಬ ಪಟ್ಟಿ ಇದೆ, ಕುಡಿತ ಎಷ್ಟು ಅಪಾಯಕ್ಕೆ ಹೋಗಿದೆ ಅಂತ ತಿಳಿಯಲು. ನರ್ಸ್ ಐದು ನಿಮಿಷದಲ್ಲಿ ಕೇಳಿ ಮುಗಿಸಬಹುದು. ಇನ್ನೂ ಚಟದವರೆಗೆ ಹೋಗದವರಿಗೆ ಡಾಕ್ಟರ್ ಕೂತು ಹತ್ತು ನಿಮಿಷ ಮಾತಾಡಿದರೇ ಕುಡಿತ ಕಡಿಮೆಯಾಗುತ್ತದೆ ಅಂತ ಅಧ್ಯಯನಗಳು ತೋರಿಸಿವೆ. ಚಟ ಇದ್ದವರನ್ನು ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಕಳಿಸಲಿ. ಒಂದು ವಾರದ ಚಿಕಿತ್ಸೆ ಅಲ್ಲಿ ಮುಗಿಸಿ ಬಂದವನಿಗೆ ಮುಂದಿನ ಮಾತ್ರೆ ಅವನ ಊರಿನ ಆರೋಗ್ಯ ಕೇಂದ್ರದಲ್ಲೇ ಸಿಗಲಿ. ಅಲ್ಲಿ "ಸ್ಟಾಕ್ ಇಲ್ಲ" ಅನ್ನುವ ಮಾತು ಬರಬಾರದು. ಬಿಪಿ ಮಾತ್ರೆ ಒಂದು ವಾರ ಸಿಗದಿದ್ದರೆ ರೋಗಿ ನನ್ನ ಅಂಗಡಿಯಿಂದ ಕೊಂಡು ನುಂಗುತ್ತಾನೆ. ಕುಡಿತದ ಮಾತ್ರೆ ಒಂದು ವಾರ ಸಿಗದಿದ್ದರೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು.

ಬಾಟಲಿಯ ಮೇಲೆ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಅಂತ ಬರೆದಿರುತ್ತದೆ. ಹಾನಿಯಾದವನು ಎಲ್ಲಿಗೆ ಹೋಗಬೇಕು ಅಂತ ಬರೆದಿರುವುದಿಲ್ಲ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ 14416 ಇದೆ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಈ ಎರಡು ನಂಬರ್‌ಗಳನ್ನು ಜಿಲ್ಲೆಯ ಎಲ್ಲ ವೈನ್ ಶಾಪ್, ಬಾರ್, ಎಂಎಸ್‌ಐಎಲ್ ಮಳಿಗೆಯ ಕೌಂಟರಿನಲ್ಲಿ, ದರದ ಬೋರ್ಡಿನಷ್ಟೇ ದೊಡ್ಡದಾಗಿ ಕನ್ನಡದಲ್ಲಿ ಹಾಕಿಸಿ. ಅಬಕಾರಿ ಇಲಾಖೆಗೆ ಒಂದು ಸುತ್ತೋಲೆ ಹೋದರೆ ಆಗುವ ಕೆಲಸ.

ಔಷಧಿ ಅಂಗಡಿಯವರನ್ನೂ ಕರೆಯಿರಿ. ಡಾಕ್ಟರ್ ಹತ್ತಿರ ಹೋಗುವ ಮೊದಲು ಜನ ಬರುವುದು ನಮ್ಮಲ್ಲಿಗೆ. ನಿದ್ದೆ ಮಾತ್ರೆ, ಕೆಮ್ಮಿನ ಸಿರಪ್ ಬರೆದಿಡಲು ನಮ್ಮಲ್ಲಿ ಎಚ್1 ರಿಜಿಸ್ಟರ್ ಇದೆ, ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ. ಆ ರಿಜಿಸ್ಟರಿನ ಪಕ್ಕದಲ್ಲಿ ಒಂದು ಕಟ್ಟು ಚೀಟಿ ಇಡಲು ನಮಗೆ ಕಷ್ಟ ಇಲ್ಲ. ಯಾವ ಆಸ್ಪತ್ರೆ, ಯಾವ ದಿನ, ಎಷ್ಟು ಗಂಟೆಗೆ, ಯಾವ ರೂಮು, ಅಲ್ಲಿ ಯಾರನ್ನು ಕೇಳಬೇಕು, ಅಷ್ಟು ಬರೆದಿದ್ದರೆ ಸಾಕು. ಗಂಡ ಬರಲು ಒಪ್ಪದಿದ್ದರೂ ಮೊದಲು ಹೆಂಡತಿ ಒಬ್ಬಳೇ ಹೋಗಿ ಮಾತಾಡಬಹುದು ಅಂತಲೂ ಬರೆಯಿರಿ. ವಿವರ ಕೊಡಿ. ನನ್ನ ಅಂಗಡಿಯ ಚೀಟಿಗಳ ಅಚ್ಚಿನ ಖರ್ಚು ನಾನೇ ಹಾಕುತ್ತೇನೆ.

ಇಂತಿ,
ಉಡುಪಿಯ ಒಬ್ಬ ಔಷಧಿ ಅಂಗಡಿಯವಳು